ಕಾಕುವಿನ ಉಂಡಿ ಮತ್ತು ಕರೆಂಟ್ ಮೀನು

ಮೊದಲೇ ಹೇಳಿಬಿಡುತ್ತೇನೆ: ಈ ಪ್ರವಾಸದ ತಳದಲ್ಲಿರುವ ಘಟನೆ ನಿಜವಾಗಿ ಹೇಗೆ ನಡೆಯಿತೋ ನನಗೆ ಖಾತ್ರಿಯಿಲ್ಲ. ನಲವತ್ತು ವರ್ಷದ ಹಿಂದಿನ ಮಾತು. ನನಗೆ ಎಂಟು ವರ್ಷ. ದೀಪಾವಳಿಯ ರಜೆ. ಬೇಡಕಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದೆ. ಮೈ ಬೆವರಿ ತಣ್ಣಗಾಗಿತ್ತು, ಮೇಲಿನ ತೊಲೆಗಳು ಗರಗರ ತಿರುಗುತ್ತಿದ್ದವು. ನನ್ನ ಅಜ್ಜಿ, ಮನೆಮಂದಿಗೆಲ್ಲ ಆಯಿ, ನನ್ನ ಅಂಗೈ ಮುಟ್ಟಿ ನೋಡಿದಳು. ಜಿಗಿಜಿಗಿ ಅಂಟುತ್ತಿತ್ತು. "ಇದು ಬೆಲ್ಲ. ಏನ್ ತಿಂದ್ಯೋ? ಯಾರ್ ಕೊಟ್ರು?" ಎಂದಳು. ನಾನು, "ಕಾಕು ಉಂಡಿ ಕೊಟ್ಳು" ಎಂದೆ.

ಎಂದೆನೇ? ಇಲ್ಲ, "ಕಾಕು ಕೊಟ್ಳೇನ?" ಎಂದು ಆಯಿಯೇ ಕೇಳಿ ನಾನು ಬರೀ ತಲೆ ಆಡಿಸಿದೆನೇ? ಇದನ್ನು ನಾನು ಸಾವಿರ ಸಲ ನೆನೆದಿದ್ದೇನೆ. ಒಂದೊಂದು ಸಲ ಒಂದೊಂದು ರೀತಿ ಬರುತ್ತದೆ.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ ಸುಶೀಲಾ. ಆಗ ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿರಲಿಲ್ಲ. ಆಯಿಗೆ ಅಷ್ಟು ಸಾಕಾಯಿತು. ಮಕ್ಕಳಿಲ್ಲದಾಕೆ ಹೊಟ್ಟೆಕಿಚ್ಚಿಗೆ ಉಂಡಿಯಲ್ಲಿ ಮಾಟದ ಮದ್ದು ಹಾಕಿದಳು ಎಂದು ತೀರ್ಪಾಯಿತು. ನಮ್ಮ ಕಡೆ ಒಬ್ಬ ಹೆಂಗಸಿನ ಮೇಲೆ ಈ ಮಾತು ಒಮ್ಮೆ ಬಂದರೆ ಅದು ಅವಳ ಸೀರೆಯ ಬಣ್ಣದಂತೆ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಓಣಿಯ ಒಬ್ಬ ತಾಯಿಯೂ ಕಾಕುವಿನ ಕೈಯಿಂದ ತನ್ನ ಮಗುವಿಗೆ ಒಂದು ತುತ್ತು ತಿನ್ನಗೊಡಲಿಲ್ಲ. ಮೂರು ವರ್ಷದ ನಂತರ ಅವಳಿಗೆ ಸುಜಾತಾ ಹುಟ್ಟಿದಳು. ಆದರೂ ಮಾತು ಅಳಿಯಲಿಲ್ಲ. ಕಾಕು ಒಂದು ರೂಢಿ ಬೆಳೆಸಿಕೊಂಡಳು: ಯಾರಿಗೆ ಏನೇ ಕೊಡಲಿ, ಮೊದಲು ಒಂದು ಚೂರು ಮುರಿದು ತಾನು ತಿನ್ನುವುದು, ಆಮೇಲೆ ತಟ್ಟೆಯನ್ನು ಕೆಳಗಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುವುದು.

ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಚಿಕ್ಕೋಡಿಯಲ್ಲಿ ಅದನ್ನೇ ಕಲಿಸುವ ನಾನು ಮದ್ದನ್ನು ನಂಬುವವನಲ್ಲ. ಆದರೆ ನನ್ನ ಸಾಕ್ಷಿಯನ್ನು ಹಿಂದಕ್ಕೂ ತೆಗೆದುಕೊಂಡಿರಲಿಲ್ಲ. ಆ ದಿನದ ಬಗ್ಗೆ ಆಣೆ ಮಾಡಿ ಹೇಳಬಹುದಾದದ್ದು ಒಂದೇ: ಆಯಿ ನನ್ನ ಕೈಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಅಂಗೈಯ ಗೀರಿಗೆ ಹುಳಿ ತಾಗಿ ನಾನು ಚೀರಿದೆ.

ರಾಯಬಾಗದಿಂದ ಪ್ಯಾರಿಸ್

ಸುಜಾತಾ ಈಗ ಫ್ರಾನ್ಸಿನ ಪಶ್ಚಿಮ ದಂಡೆಯ ಒಂದು ಪ್ರಯೋಗಾಲಯದಲ್ಲಿ ನರಗಳ ಮೇಲೆ ಕೆಲಸ ಮಾಡುತ್ತಾಳೆ. ಪ್ರಯೋಗಾಲಯವನ್ನು ಊರವರಿಗೆ ತೆರೆದು ತೋರಿಸುವ ದಿನವೊಂದಿತ್ತು. "ಅವ್ವ ಒಬ್ಬಾಕಿ ಬರಂಗಿಲ್ಲ. ದಾದಾ, ನೀ ಕರ್ಕೊಂಡ ಬಾ" ಎಂದು ಅಣ್ಣನಾದ ನನಗೆ ಫೋನ್ ಮಾಡಿದಳು. ನಾನು ಒಂದು ಕ್ಷಣವೂ ಯೋಚಿಸದೆ ಹ್ಞೂಂ ಎಂದೆ. ಎರಡು ವರ್ಷ ಒಂದೇ ಕಡೆ ಕೂತರೆ ನನಗೆ ಅಂಗಾಲು ತುರಿಸುತ್ತದೆ.

ರಾಯಬಾಗದ ಸ್ಟೇಶನ್ನಿಗೆ ಕಾಕು ಒಂದು ಚೀಲ ಬಟ್ಟೆ, ಎರಡು ಚೀಲ ತಿಂಡಿ ತಂದಳು. ಹೊಸ ಅಥಣಿ ಚಪ್ಪಲಿ ಮೆಟ್ಟಿ ನಾನು ತಯಾರಾಗಿದ್ದೆ. ಅದು ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ ಹೆಜ್ಜೆಹೆಜ್ಜೆಗೂ ಕಿರ್ ಎನ್ನುತ್ತಿತ್ತು. ಅಷ್ಟು ದೊಡ್ಡ ಜಾಗದಲ್ಲಿ ಅಷ್ಟು ಮಂದಿ ಅಷ್ಟು ಮೆತ್ತಗೆ ಮಾತಾಡುವುದನ್ನು ನಾನು ಕಂಡಿರಲಿಲ್ಲ. ಎಲ್ಲರೂ ನನ್ನ ಕಾಲು ನೋಡಿದರು.

"ಅಜ್ಯಾ, ಇಲ್ಲಿ ಮಂದಿ ಬಾಯಿ ಮುಚ್ಚ್ಯಾರ, ನಿನ್ನ ಚಪ್ಪಲಿ ಭಾಷಣ ಮಾಡಾಕತ್ತೈತಿ" ಎಂದಳು ಕಾಕು. ಅವಳಿಗೆ ನಾನು ಇವತ್ತಿಗೂ ಅಜ್ಯಾ.

ತಪಾಸಣೆಯ ಮೇಜಿನಲ್ಲಿ ಒಬ್ಬ ಎತ್ತರದ ಅಧಿಕಾರಿ ಅವಳ ಚೀಲದಿಂದ ಡಬ್ಬಿ ತೆಗೆದ. ಒಳಗೆ ಎಳ್ಳುಂಡಿ. ಇದೇನು ಎಂದು ಅವನು ಹುಬ್ಬೇರಿಸಿದ. ನಾನು ಇಂಗ್ಲಿಷಿನಲ್ಲಿ ತಡವರಿಸುವಷ್ಟರಲ್ಲಿ ಕಾಕು ಒಂದು ಉಂಡಿ ಎತ್ತಿ, ಮುರಿದು, ಅರ್ಧ ತನ್ನ ಬಾಯಿಗೆ ಹಾಕಿ, ಜಗಿದು ನುಂಗಿ, ಅವನಿಗೆ ಬಾಯಿ ತೆರೆದು ತೋರಿಸಿದಳು. ಆಮೇಲೆ ಡಬ್ಬಿಯನ್ನು ಅವನ ಮುಂದಿಟ್ಟು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡಳು. ಅಧಿಕಾರಿ ಹೋ ಎಂದು ನಕ್ಕ. ಉಳಿದ ಅರ್ಧ ಎತ್ತಿ ಮೂಸಿ, ತಿಂದೇಬಿಟ್ಟ. ಪಕ್ಕದ ಮೇಜಿನವಳನ್ನೂ ಕರೆದ.

ಸುತ್ತಲೂ ನಗು. ನಾನು ನಗಲಿಲ್ಲ. ಅದು ಭಾಷೆ ಬಾರದ ಮುದುಕಿಯ ಉಪಾಯ ಎಂದು ಅವರಿಗೆ ಕಂಡಿತು. ಅದನ್ನು ಅವಳಿಗೆ ಕಲಿಸಿದವನು ನಾನು.

ಮೊದಲ ಸಂಜೆ

ಬೋರ್ಡೋ ಪಟ್ಟಣದಿಂದ ಸುಜಾತಾಳ ಊರಿಗೆ ಒಂದು ತಾಸಿನ ದಾರಿ. ಆ ಊರಿನ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹತ್ತಿಲ್ಲ, ಬರೆದರೆ ತಪ್ಪಾದೀತು. ಕಾಕು ಅದಕ್ಕೆ "ಸಮುದ್ರದ ಬೇಡಕಿಹಾಳ" ಎಂದು ಹೆಸರಿಟ್ಟಳು. ನಮ್ಮಲ್ಲಿ ಆಷಾಢದ ಗಾಳಿ, ಅಲ್ಲಿ ಭರ್ತಿ ಬೇಸಿಗೆ.

ಬ್ರೆಡ್ಡಿನ ಅಂಗಡಿಗೆ ಹೋಗಿ ಬೆರಳು ತೋರಿಸಿ ಬ್ರೆಡ್ ಕೇಳಿದೆ. ಅಂಗಡಿಯಾಕೆ ನನ್ನನ್ನು ನೋಡಲೇ ಇಲ್ಲ. ಮತ್ತೆ ಕೇಳಿದೆ. ಕಿಟಕಿಯಾಚೆ ನೋಡಿದಳು. ಹಿಂದಿನಿಂದ ಸುಜಾತಾ, "ಮೊದಲ ಬೊಂಜೂರ್ ಅನ್ನು ದಾದಾ, ಇಲ್ಲಂದ್ರ ಸಂಜಿತನಕ ನಿಂತಿರ್ತಿ" ಎಂದಳು. ನಾನು ಈ ಒಣ ಉಪಚಾರದ ಬಗ್ಗೆ ಏನೋ ಗೊಣಗಿದೆ. ಕಾಕುವಿಗೆ ಮಾತ್ರ ಅದು ಸರಿ ಕಂಡಿತು. "ಅದರಾಗೇನೈತೋ? ನಮ್ಮಲ್ಲೂ ಆರಾಮ ಅದೀರೇನ್ರಿ ಅನ್ನದ ಅಂಗಡ್ಯಾಗ ಸಾಮಾನ ಕೇಳಿದರ ಒರಟ ಅಂತಾರ" ಎಂದು ಮುಂದೆ ಬಂದು, "ಬೊಂಜೂರ್ರೀ" ಎಂದಳು. ಅಂಗಡಿಯಾಕೆಯ ಮುಖ ಅರಳಿತು. ಆಮೇಲೆ ಹತ್ತು ದಿನವೂ ಊರಿನಲ್ಲಿ ನಮ್ಮ ವಕೀಲಿಕೆ ಕಾಕುವಿನದೇ.

ಜೈನರ ಮನೆಯ ಕಟ್ಟುನಿಟ್ಟಿನಂತೆ ಕಾಕು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಲ್ಲಿ ಒಂಬತ್ತೂವರೆಗೂ ಸೂರ್ಯ ಮುಳುಗುವುದಿಲ್ಲ. ಮೊದಲ ದಿನ ಆರು ಗಂಟೆಗೇ ಅವಸರ ಮಾಡತೊಡಗಿದಳು. "ಅವ್ವಾ, ಇನ್ನೂ ಮೂರುವರಿ ತಾಸ ಐತಿ" ಎಂದಳು ಸುಜಾತಾ. "ಸೂರ್ಯಾ ಮನಿಗೆ ಹೋಗಲಿ ಬಿಡಲಿ, ನನ್ನ ಹೊಟ್ಟಿಗೆ ನಮ್ಮೂರ ಗಡಿಯಾರ ಐತಿ." ಬಡಿಸುವಾಗ ಮತ್ತೆ ಅದೇ: ರೊಟ್ಟಿಯ ಅಂಚು ಮುರಿದು ತಾನು ತಿಂದು, ತಟ್ಟೆ ಇಟ್ಟು, ಕೈ ಹಿಂದಕ್ಕೆ. ಸುಜಾತಾ ನನ್ನ ಮುಖ ನೋಡಿದಳು. ನಾನು ಕಿಟಕಿಯಲ್ಲಿ ಸಮುದ್ರ ನೋಡಿದೆ. ಸಮುದ್ರ ಇರಲಿಲ್ಲ! ಇಳಿತಕ್ಕೆ ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದು, ಯಡೂರಿನ ಹತ್ತಿರ ಏಪ್ರಿಲ್‌ನ ಕೃಷ್ಣೆಯಂತೆ ಬರೀ ಕೆಸರು, ಬರೀ ಹಕ್ಕಿ.

ಮೂರನೆಯ ದಿನ, ತೊಟ್ಟಿಯ ಮುಂದೆ

ಪ್ರಯೋಗಾಲಯದ ಅಂಗಳದಲ್ಲಿ ನೀರಿನ ತೊಟ್ಟಿ. ತಳದ ಮರಳಿನಲ್ಲಿ ಒಂದು ಮೀನು, ದುಂಡಗೆ ಚಪ್ಪಟೆಯಾಗಿ, ದಪ್ಪ ಜೋಳದ ರೊಟ್ಟಿಗೆ ಬಾಲ ಹಚ್ಚಿದ ಹಾಗೆ. ಅದು ವಿದ್ಯುತ್ ಹೊಡೆಯುವ ಮೀನು. ತೊಟ್ಟಿಗೆ ತಂತಿ ಬಿಟ್ಟು ಸ್ಪೀಕರಿಗೆ ಜೋಡಿಸಿದ್ದರು. ಮೀನು ಹೊಡೆದಾಗಲೆಲ್ಲ ಚಟ್ ಎಂದು ಸದ್ದು. ಕೈ ಹಾಕಬಾರದು ಎಂದು ಫಲಕವಿತ್ತು. ಸ್ಪೀಕರಿನ ಸದ್ದು ಎಷ್ಟು ನಂಬಬೇಕೋ ಎಂದು ನಾನು ಬೆರಳು ಹಾಕಿದೆ.

ಮೊಳಕೈಯವರೆಗೆ ಯಾರೋ ಕೋಲಿನಿಂದ ಬಾರಿಸಿದಂತಾಯಿತು. ಇನ್ನೊಂದು ಕೈಯಲ್ಲಿದ್ದ ಕಾಫಿಯ ಲೋಟ ಹಾರಿತು. ಮಕ್ಕಳು ಚಪ್ಪಾಳೆ ಹೊಡೆದರು.

"ಎಮ್ಮೆಸ್ಸಿ ಮಾಡಿದಾವ ನೋಡ್ರಿ!" ಎಂದು ಕಾಕು ಕನ್ನಡದಲ್ಲೇ ಎಲ್ಲರಿಗೂ ಸಾರಿದಳು. ಆಮೇಲೆ ಮಗಳತ್ತ ತಿರುಗಿ, "ಮೀನಿನ ಹೊಟ್ಟ್ಯಾಗ ಕರೆಂಟ್ ಎಲ್ಲಿಂದ ಬಂತs?" ಎಂದಳು.

ಸುಜಾತಾಳ ಉತ್ತರವನ್ನು ನಾನು ಅಂದೇ ಡೈರಿಯಲ್ಲಿ ಬರೆದುಕೊಂಡೆ, ಹಾಗಾಗಿ ಇದನ್ನು ನಂಬಬಹುದು.

"ಅವ್ವಾ, ಹೊಲಕ್ಕ ಬದು ಇರತೈತಲ್ಲ? ಹಂಗ ಜೀವಕೋಶಕ್ಕ ಒಂದು ಪೊರೆ. ಹೊರಗ ಉಪ್ಪಿನ ಅಂಶ ಜಾಸ್ತಿ, ಒಳಗ ಕಡಿಮಿ. ಬದುವಿನಾಗ ಸಣ್ಣ ಸಣ್ಣ ತೂಬ ಅದಾವು, ಎಲ್ಲಾ ಮುಚ್ಚ್ಯಾವು."

"ತೆಗಿಯಾವ್ರು ಯಾರು?"

"ಹಿಂದಿನ ನರ ಒಂದ ಚೂರು ರಸ ಬಿಡತೈತಿ. ಆ ರಸ ತೂಬಿನ ಹಿಡಿಕಿಗೆ ಬಂದ ಕುಂತ್ರ ಬಾಗಲಾ ತೆರೀತೈತಿ. ಹೊರಗಿನ ಉಪ್ಪು ಒಳಗ ನುಗ್ಗತೈತಿ. ಆ ನುಗ್ಗೂದs ಕರೆಂಟ್. ಈ ಮೀನಿನಾಗ ಅಂಥ ಕೋಶ ಬುಟ್ಟ್ಯಾಗಿನ ರೊಟ್ಟಿ ಹಂಗ ಒಂದರ ಮ್ಯಾಲೆ ಒಂದ ಪೇರಿಸ್ಯಾವು. ಎಲ್ಲಾ ಕೂಡೇ ಬಾಗಲಾ ತೆಗೆದವು, ದಾದಾಗ ಬಿತ್ತು."

"ನಮ್ಮ ತಲ್ಯಾಗ?"

"ಇಂಥವs ಅದಾವು. ಸಣ್ಣವು, ಬ್ಯಾರೆ ಬ್ಯಾರೆ ತರದವು."

ಹಿಡಿಕೆ ಇರುವ ತೂಬಿಗೆ ಗ್ರಾಹಕ ಎನ್ನುತ್ತಾರೆ. ಐದು ತುಂಡು ಪ್ರೋಟೀನು ಬಾವಿಯ ಕಟ್ಟೆಯಂತೆ ದುಂಡಗೆ ನಿಂತು ನಡುವೆ ಒಂದು ತೂತು. ಸೆಕೆಂಡಿನ ಸಾವಿರದಲ್ಲೊಂದು ಭಾಗ ತೆರೆದರೆ ಸಾವಿರಾರು ಸೋಡಿಯಂ ಅಯಾನುಗಳು ದಾಟಿಬಿಡುತ್ತವೆ. ಅಲ್ಲಿಂದ ಮುಂದೆ ನರದ ಉದ್ದಕ್ಕೂ ಇರುವ ತೂಬುಗಳಿಗೆ ಹಿಡಿಕೆಯೇ ಇಲ್ಲ. ಪಕ್ಕದಲ್ಲಿ ವಿದ್ಯುತ್ತು ಏರಿದ್ದೇ ಅವಕ್ಕೆ ಅಪ್ಪಣೆ. ಒಂದು ತೆರೆದರೆ ಅದರ ಪಕ್ಕದ್ದು, ಅದರ ಪಕ್ಕದ್ದು. ನಾನು ಇಪ್ಪತ್ತನಾಲ್ಕು ವರ್ಷ ಹಲಗೆಯ ಮೇಲೆ ಸೋಡಿಯಂ ಬರೆದಿದ್ದೇನೆ. ಬರೆಯುವ ಕೈಯನ್ನು ಎತ್ತಿಸುತ್ತಿದ್ದುದೂ ಅದೇ! ಆ ಅಂಗಳದಲ್ಲಿ ನನಗೆ ಕುಣಿಯಬೇಕೆನಿಸಿತು. ಮುಂದಿನ ಮಾತು ಕೇಳಿ ಇನ್ನೂ ಹುಚ್ಚಾದೆ: ಈ ಮೀನಿನ ಗ್ರಾಹಕದ ಹೆಸರೇ ನಿಕೋಟಿನಿಕ್. ತಂಬಾಕಿನ ನಿಕೋಟಿನ್ ಕೂಡ ಅದೇ ಹಿಡಿಕೆಗೆ ಕೂರುತ್ತದಂತೆ. ತಂಬಾಕಿನ ಪೇಟೆ ನಿಪ್ಪಾಣಿಯ ಗಾಳಿ ಕುಡಿದು, ತಂಬಾಕಿನ ಹೊಲವಿದ್ದ ಮನೆಯಲ್ಲಿ ಬೆಳೆದ ನನಗೆ ಪರದೇಶದಲ್ಲಿ ನೆಂಟರು ಸಿಕ್ಕಂತಾಯಿತು.

ಕಾಕು ಮಾತ್ರ ಕೇಳಿದ್ದು ಬೇರೆ. "ಇದನ್ನ ಕೊಲ್ತೀರೇನs?"

"ಇದನ್ನ ಸಮುದ್ರಕ್ಕ ಬಿಡ್ತೀವಿ. ಮೊದಲ ಕೊಲ್ಲತಿದ್ರು ಅವ್ವಾ. ಸುಳ್ಳ ಹೇಳಂಗಿಲ್ಲ."

ಕಾಕು ತೊಟ್ಟಿಗೆ ಕೈಮುಗಿದಳು.

ಐದನೆಯ ಬೆಳಿಗ್ಗೆ, ಮದಾಮಳ ಹಿತ್ತಲು

ನಾವಿದ್ದ ಮನೆಯ ಒಡತಿ ಎಂಬತ್ತು ದಾಟಿದ ಮುದುಕಿ. ನಾವು ಅವಳನ್ನು ಮದಾಮ್ ಎನ್ನುತ್ತಿದ್ದೆವು. ಐದನೆಯ ಬೆಳಿಗ್ಗೆ ಅವಳ ಹಿತ್ತಲಿಗೆ ಹೋದ ಕಾಕು ಕೂಗಿದಳು: "ಅಜ್ಯಾ, ಓಡಿ ಬಾರೋ! ನಮ್ಮ ಮನಿದು ಇಲ್ಲೈತಿ!"

ಗೋಡೆಯ ಬುಡದಲ್ಲಿ ನಾಲ್ಕು ತಂಬಾಕಿನ ಗಿಡ. ತೀರಿಹೋದ ಗಂಡ ಒಂದು ಕಾಲಕ್ಕೆ ತಂಬಾಕು ಬೆಳೆಯುತ್ತಿದ್ದನೆಂದು, ಅವನ ನೆನಪಿಗೆ ಮದಾಮ್ ವರ್ಷವೂ ನಾಲ್ಕು ಗಿಡ ಹಚ್ಚುತ್ತಾಳಂತೆ. ಎಲೆಯ ಮೇಲೆ ಇಬ್ಬನಿ ಹನಿಹನಿಯಾಗಿ ನಿಂತಿತ್ತು. ಎಲೆಗಳ ಬಗಲಿನಲ್ಲಿ ಕುಡಿ ಒಡೆದಿದ್ದವು. ಅವನ್ನು ಮುರಿಯದಿದ್ದರೆ ಎಲೆ ಬಲಿಯುವುದಿಲ್ಲ. ಊರ ಮಾನ ಉಳಿಸುವವನಂತೆ ನಾನು ತೋಳು ಮಡಚಿ ಒಂದು ಕುಡಿ ಮುರಿದೆ, ಎರಡು ಮುರಿದೆ. ಮದಾಮ್ ಚಪ್ಪಾಳೆ ತಟ್ಟಿದಳು.

"ದಾದಾ! ಬಿಡು! ಬರೇ ಕೈಲೆ ಹಸಿ ಎಲಿ ಮುಟ್ಟಬ್ಯಾಡ!" ಸುಜಾತಾ ಒಳಗಿನಿಂದ ಓಡಿಬಂದಳು. ಏನೋ ಸ್ಪಿರಿಟ್ಟಿನ ಬಟ್ಟೆಯಿಂದ ನನ್ನ ಬೆರಳು ಒರೆಸತೊಡಗಿದಳು.

"ಎಲಿ ಕಚ್ಚತೈತೇನs?" ಎಂದು ನಾನು ನಕ್ಕೆ.

"ಇಬ್ಬನ್ಯಾಗ ನಿಕೋಟಿನ್ ಕರಗಿರತೈತಿ. ಚರ್ಮದಾಗಿಂದ ನೆಟ್ಟಗ ರಕ್ತಕ್ಕ ಇಳೀತೈತಿ, ಅಲ್ಲಿಂದ ಮೆದುಳಿಗೆ. ನಮ್ಮ ಮೈಯ ರಸ ತೂಬ ತೆಗೆದ ಕೂಡ್ಲೇ ಅದನ್ನ ಒಡದ ಹಾಕೂ ಕೆಲಸಗಾರ ಅದಾನ. ನಿಕೋಟಿನ್ನ ಒಡಿಯಾಕ ಅವನ ಕೈಲೆ ಆಗೂದಿಲ್ಲ. ಹಿಡಿಕಿ ಹಿಡದ ಕುಂತs ಬಿಡತೈತಿ. ತಲಿ ತಿರಗತೈತಿ, ತಣ್ಣನ ಬೆವರ ಬರತೈತಿ, ವಾಂತಿ ಆಗತೈತಿ. ಸಣ್ಣ ಹುಡುಗುರಿಗೆ ಅಂತೂ ಲಗೂನ."

ನಮ್ಮ ಹೊಲದ ಹೆಣ್ಣಾಳುಗಳಿಗೆ ಕುಡಿ ಮುರಿಯುವ ದಿನಗಳಲ್ಲಿ ಹೀಗೇ ಆಗುತ್ತಿತ್ತು. "ತಂಬಾಕ ಹತ್ತೇತಿ" ಎಂದು ಬದುವಿನ ಮೇಲೆ ಮಲಗುತ್ತಿದ್ದರು. ಮನೆಯವರು ಅದನ್ನು ಆಳುಗಳ ಸೋಮಾರಿತನ ಎಂದುಕೊಂಡಿದ್ದರು. ಮನೆಯ ಮಗುವಿಗೆ ಅದು ಹತ್ತೀತೆಂದು ಯಾರು ಯೋಚಿಸಬೇಕು? ಮಕ್ಕಳು ಹೊಲಕ್ಕೆ ಹೋಗಲೇಬಾರದೆಂದು ಕಟ್ಟಪ್ಪಣೆ ಇತ್ತು.

ಕಾಕು ಮುರಿದು ಬಿದ್ದ ಕುಡಿಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಜ್ಯಾ, ಅವತ್ತ ಮುಂಜಾನೆ ನೀ ಹೊಲಕ್ಕ ಹೋಗಿದ್ಯೇನೋ?"

ಯಾವ ಮುಂಜಾನೆ ಎಂದು ನಾನು ಕೇಳಲಿಲ್ಲ.

"ನೆನಪಿಲ್ಲ ಕಾಕು."

"ನಾ ನಿನಗ ಉಂಡಿ ಕೊಟ್ಟಿದ್ನೇನ?"

"ಗೊತ್ತಿಲ್ರಿ."

"ನನಗೂ ಗೊತ್ತಿಲ್ಲೋ ತಮ್ಮಾ. ಕೊಟ್ಟಿ ಕೊಟ್ಟಿ ಅಂತ ಎಲ್ಲಾರೂ ಅಂದೂ ಅಂದೂ, ಈಗ ಕೊಟ್ಟಂಗs ಕಣ್ಣಿಗೆ ಕಾಣತೈತಿ. ಹಳೇ ಎಳ್ಳ ಹಾಕಿದ್ನೇನೋ, ನನ್ನ ಕೈಲೇ ಕೂಸಿಗೆ ಏನರೆ ಆತೇನೋ ಅಂತ, ಇವತ್ತಿಗೂ ಮೂರ ಸಲ ವಾಸನಿ ನೋಡೇ ಹುರೀತೀನಿ."

ಇಷ್ಟು ವರ್ಷ ಅವಳಿಗೆ ತಾನು ತಪ್ಪು ಮಾಡಿಲ್ಲವೆಂದಾದರೂ ಗೊತ್ತಿದೆ ಎಂದು ನಾನು ತಿಳಿದಿದ್ದೆ. ಅಷ್ಟು ಸಮಾಧಾನವನ್ನೂ ನಾವು ಅವಳಿಗೆ ಉಳಿಸಿರಲಿಲ್ಲ.

ಸುಜಾತಾ ಬಟ್ಟೆಯನ್ನು ಕಲ್ಲಿನ ಮೇಲೆ ಬಡಿದಳು. "ನೀ ಸಾಕ್ಷಿ ಇದ್ದಿ ದಾದಾ. ಸಾಕ್ಷಿಗೇ ನೆನಪಿಲ್ಲಂದ್ರ ಕೇಸ ಹೆಂಗ ನಿಲ್ತೈತಿ?"

"ನೆನಪಂದ್ರ ಏನು, ನೀನs ಹೇಳಲ್ಲ!" ಎಂದು ನಾನೂ ಸಿಟ್ಟಿಗೆದ್ದೆ.

ಅವಳು ಹೇಳಿದಳು. ಸಿಟ್ಟಿನಲ್ಲೇ, ಆದರೆ ಎಂಥ ಚೆಂದ! ಮೆದುಳಿನಲ್ಲಿ ಇನ್ನೊಂದು ಬಗೆಯ ತೂಬು ಇದೆಯಂತೆ, ಬ್ಯಾಂಕಿನ ಲಾಕರಿನ ಹಾಗೆ. ಎರಡು ಕೀಲಿ ಒಟ್ಟಿಗೆ ತಿರುಗಿದರೆ ಮಾತ್ರ ತೆರೆಯುತ್ತದೆ: ಆಚೆಯ ನರದಿಂದ ರಸ ಬರಬೇಕು, ಅದೇ ಗಳಿಗೆಗೆ ಈಚೆಯ ನರವೂ ಎಚ್ಚರವಾಗಿರಬೇಕು. ಹಾಗೆ ತೆರೆದರೆ ಆ ಎರಡರ ನಂಟು ಬಿಗಿಯಾಗುತ್ತದೆ. "ನಿನ್ನ ತಲ್ಯಾಗ ವಾಂತಿ ಒಂದ ಕೀಲಿ, ಆಯಿ ಒದರಿದ ಉಂಡಿ ಅನ್ನೂ ಮಾತ ಇನ್ನೊಂದ ಕೀಲಿ. ಎರಡೂ ಕೂಡೇ ತಿರಗಿದವು. ಮತ್ತ ಪ್ರತಿ ಸಲ ನೆನಿಸಿದಾಗ ಆ ನಂಟು ಸಡಿಲ ಆಗಿ ಹೊಸದಾಗಿ ಕಟ್ಟಿಕೊಳ್ಳಬಹುದು, ಆವಾಗ ಬ್ಯಾರೇದೂ ಒಳಗ ಸೇರಬಹುದು. ನೆನಪ ಖರೇ ಅನಸತೈತಿ ಅಂದ್ರ ಖರೇ ಅಂತಲ್ಲ."

ಉಳಿದ ಐದು ದಿನ ನಾನು ಕೆಸರಿನ ದಂಡೆಯ ಮೇಲೆ ಅಥಣಿ ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತಾಡಿದೆ. ಉಂಡಿಯ ನೆನಪಿನ ಮೇಲಿದ್ದ ನಂಬಿಕೆ ಬಿತ್ತು. ಹೊಲದ ನೆನಪು ಇಲ್ಲವೇ ಇಲ್ಲ. ಮರಳುವ ವಿಮಾನದಲ್ಲಿ, ಊಟದ ತಟ್ಟೆಯ ಜೇನು ಅಂಟಿದ ಬೆರಳನ್ನು ಒದ್ದೆ ಕಾಗದದಿಂದ ಒರೆಸಿದಾಗ, ಎದ್ದು ನಿಲ್ಲುವಷ್ಟು ಜೋರಾಗಿ ಹೊಳೆಯಿತು. ಜೇನು ಒಂದೇ ಒರೆತಕ್ಕೆ ಹೋಯಿತು. ಬೆಲ್ಲವೂ ಹಾಗೇ ಹೋಗಬೇಕು. ಬರೀ ನೀರಿಗೆ ಹೋಗುವಂಥದ್ದಾಗಿದ್ದರೆ ಆಯಿ ಹುಣಸೆಹಣ್ಣು ಯಾಕೆ ತಂದಳು?

ದೀಪಾವಳಿ, ಬೇಡಕಿಹಾಳ

ಈಗ ನಮ್ಮ ಸುತ್ತ ಎಲ್ಲೆಲ್ಲೂ ಕಬ್ಬು. ತಂಬಾಕನ್ನು ಹುಡುಕಬೇಕಾಯಿತು. ನಿಪ್ಪಾಣಿ ಹಾದಿಯಲ್ಲಿ ಪರಿಚಯದ ಇಮ್ತಿಯಾಜ್ ಭಾಯಿಯ ಅರ್ಧ ಎಕರೆ ಸಿಕ್ಕಿತು. ದೀಪಾವಳಿಯ ಮರುದಿನ ಬೆಳಿಗ್ಗೆ ಕಾಕುವನ್ನು ಕರೆದುಕೊಂಡು ಹೋದೆ. ಉಂಡಿಯ ಡಬ್ಬಿ, ಒಂದು ಹಿಡಿ ಬೆಲ್ಲ, ಒಂದಿಷ್ಟು ಹುಣಸೆಹಣ್ಣು ತರಲು ಹೇಳಿದ್ದೆ. ಯಾಕೆಂದು ಹೇಳಿರಲಿಲ್ಲ.

"ಏನ್ರಿ ಸರ, ಕಾಲೇಜಿನಾಗ ಹುಡುಗುರು ಮಾತ ಕೇಳವಲ್ರೇನು? ಗಿಡಕ್ಕ ಪಾಠ ಹೇಳಾಕ ಬಂದೀರಿ!" ಎಂದ ಇಮ್ತಿಯಾಜ್.

ಎಡಗೈಗೆ ಬೆಲ್ಲ ಕಲಸಿ ಹಚ್ಚಿಕೊಂಡೆ. ಬಲಗೈಯಿಂದ ಇಬ್ಬನಿಯಲ್ಲಿ ತೊಯ್ದ ಹದಿನೈದು ಕುಡಿ ಮುರಿದೆ. ಅಷ್ಟಕ್ಕೇ ನಿಲ್ಲಿಸಿದೆ, ಸುಜಾತಾ ಫೋನಿನಲ್ಲಿ ಆಣೆ ಹಾಕಿಸಿಕೊಂಡಿದ್ದಳು. ಅಂಗೈ ಕಪ್ಪಗೆ ಜಿಗಿಜಿಗಿ ಆಯಿತು. ಪಂಪಿನ ನೀರಿಗೆ ಎರಡೂ ಕೈ ಹಿಡಿದೆ. ಕಾಕು ಬಗ್ಗಿ ನೋಡುತ್ತಿದ್ದಳು. ಒಮ್ಮೆ ತೊಳೆದೆ, ಎರಡು ಸಲ, ಮೂರು ಸಲ. ಎರಡೂ ಕೈಯನ್ನು ಅವಳ ಮುಂದೆ ಚಾಚಿದೆ.

ಅವಳು ಎಡಗೈ ಮುಟ್ಟಿದಳು. ಬಲಗೈ ಮುಟ್ಟಿದಳು. ಅವಳ ಬೆರಳು ಅಲ್ಲಿ ಅಂಟಿ ನಿಂತಿತು. "ಅವತ್ತಿನ ಕೈ" ಎಂದಳು. "ಇದs ಕೈ."

ಇದರಿಂದ ಎಲ್ಲವೂ ಸಾಬೀತಾಗಲಿಲ್ಲ. ಅಂದು ಅವಳು ನನಗೆ ಉಂಡಿ ಕೊಟ್ಟಿರಲೂಬಹುದು, ನಾನು ತಿಂದಿರಲೂಬಹುದು. ಅದನ್ನು ಕಾಕುವಿಗೆ ಹೇಳಿದೆ. "ಕೊಟ್ಟಿದ್ರ ಕೊಟ್ಟಿದ್ದೀನಿ ಬಿಡು, ಚಲೋ ಉಂಡೀನs ಕೊಟ್ಟಿರ್ತೀನಿ" ಎಂದು ಡಬ್ಬಿ ತೆಗೆದಳು. ನಾನು ಎಡಗೈ ಚಾಚಿದೆ.

"ಥೂ, ಎಡಗೈಲೇ ತಿಂತೀ? ಬಾಯಿ ತೆಗಿ."

ಅವಳು ಉಂಡಿಯನ್ನು ಮುರಿಯಲಿಲ್ಲ. ತಾನು ತಿಂದು ನೋಡಲಿಲ್ಲ. ಇಡಿಯಾಗಿ ನನ್ನ ಬಾಯಿಗೆ ತುರುಕಿದಳು. ನಾನು ಬಾಯಿ ತುಂಬಿಕೊಂಡು ನಿಂತಿರುವಾಗಲೇ ಹುಣಸೆಹಣ್ಣು ಹಿಂಡಿ ನನ್ನ ಬಲಗೈ ತಿಕ್ಕತೊಡಗಿದಳು.

ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡದ್ದು ಇಷ್ಟು: ಬೆಲ್ಲ ಮೊದಲ ನೀರಿಗೇ ಹೋಗುತ್ತದೆ, ತಂಬಾಕಿನ ಜಿಗಟು ಮೂರು ನೀರಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೆ ಹೋಗುತ್ತದೆ.